ಜಾಗತಿಕ ಸಂವಹನ: ಗ್ರಾಮಾಂತರದ ವಿದ್ಯಾರ್ಥಿಗೂ ಬೇಕಾದ ವಿದ್ಯೆ

ಲೋಕದ ವಾರ್ತೆಯನ್ನು ಹೇಳುವವರು ಯಾರು, ಕೇವಲ ಕೇಳುವವರು ಯಾರು, ಹೇಳದೆ ಉಳಿದುಹೋಗುವುದು ಯಾವುದು ಎಂಬ ಪ್ರಶ್ನೆಗಳ ಶಾಸ್ತ್ರೀಯ ವಿಚಾರವೇ ಜಾಗತಿಕ ಸಂವಹನ. ಅಂತರರಾಷ್ಟ್ರೀಯ ಮಾಧ್ಯಮಗಳ ಅಧ್ಯಯನವೆಂದೂ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಕರೆಯುವುದುಂಟು. ಇದು ಮಹಾನಗರದ ಮಕ್ಕಳಿಗೆ ಮಾತ್ರ ಮೀಸಲಾದ ವಿದ್ಯೆಯೆಂಬ ಭಾವನೆ ನಮ್ಮ ಗ್ರಾಮಾಂತರ ಪ್ರದೇಶದಲ್ಲಿ ಬೇರೂರಿದೆ. ಅದು ಸರಿಯಲ್ಲ.

ಒಂದು ನಿದರ್ಶನವನ್ನು ಗಮನಿಸಬಹುದು. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಲಾಯಿತು. ಚೀನಾದ ರೇಷ್ಮೆ ಅಗ್ಗವಾಯಿತು. ಕರ್ನಾಟಕದಲ್ಲಿ ರೇಷ್ಮೆಗೂಡಿನ ಧಾರಣೆ ಕುಸಿಯಿತು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತ ಹಿಪ್ಪುನೇರಳೆ ಬೆಳೆಯುವ ರೈತನಿಗೆ ಇದು ನಷ್ಟದ ವಾರ್ತೆ. ಅಗ್ಗದ ನೂಲನ್ನು ಬಯಸುವ ನೇಕಾರನಿಗೆ ಅನುಕೂಲದ ವಾರ್ತೆ. ಒಂದೇ ಸುದ್ದಿಗೆ ಎರಡು ಮುಖ. ಚೀನಾದ ಮಾರುಕಟ್ಟೆ, ದೆಹಲಿಯ ನಿರ್ಧಾರ, ವಿಜಯಪುರದ ಧಾರಣೆ, ಈ ಮೂರನ್ನೂ ಜೋಡಿಸಿ, ರೈತನಿಗೂ ನೇಕಾರನಿಗೂ ಅರ್ಥವಾಗುವಂತೆ ಕನ್ನಡದಲ್ಲಿ ವಿವರಿಸಬಲ್ಲವನಿಗೆ ಈ ವಿದ್ಯೆ ಅಗತ್ಯ.

ಈ ಶಾಸ್ತ್ರದ ಹಿಂದೆ ಒಂದು ದೀರ್ಘ ವಾದವಿದೆ. ಹತ್ತೊಂಬತ್ತನೆಯ ಶತಮಾನದಿಂದಲೂ ಲೋಕವಾರ್ತೆಯ ಬಹುಭಾಗವನ್ನು ಯುರೋಪು ಮತ್ತು ಅಮೆರಿಕದ ಕೆಲವೇ ಸುದ್ದಿಸಂಸ್ಥೆಗಳು ಹಂಚುತ್ತಿದ್ದವು. ಬರ, ಪ್ರವಾಹ, ದಂಗೆಗಳು ಬಂದಾಗ ಮಾತ್ರ ಬಡ ರಾಷ್ಟ್ರಗಳು ಸುದ್ದಿಯಾಗುತ್ತವೆ ಎಂಬುದು ಆ ರಾಷ್ಟ್ರಗಳ ದೂರಾಗಿತ್ತು. ಯುನೆಸ್ಕೊ 1977ರಲ್ಲಿ ಷಾನ್ ಮ್ಯಾಕ್‌ಬ್ರೈಡ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು, ಭಾರತದ ಬಿ. ಜಿ. ವರ್ಗೀಸರು ಅದರ ಸದಸ್ಯರಾಗಿದ್ದರು. 1980ರಲ್ಲಿ ಪ್ರಕಟವಾದ ವರದಿಯು ಈ ಅಸಮತೋಲವನ್ನು ಎತ್ತಿ ತೋರಿಸಿತು. ಸರ್ಕಾರಗಳು ಇದೇ ನೆಪದಿಂದ ಪತ್ರಿಕೆಗಳನ್ನು ನಿಯಂತ್ರಿಸಿಯಾವೆಂಬ ಆಕ್ಷೇಪವೂ ಪಾಶ್ಚಾತ್ಯ ರಾಷ್ಟ್ರಗಳಿಂದ ಕೇಳಿಬಂದಿತು. ಉಭಯಪಕ್ಷಗಳನ್ನೂ ತೂಗಿನೋಡುವ ವಿವೇಕವನ್ನು ವಿದ್ಯಾರ್ಥಿಯು ಇಲ್ಲಿ ಅಭ್ಯಾಸ ಮಾಡಬೇಕಾಗುತ್ತದೆ.

ಕನ್ನಡ ನಾಡಿಗೆ ಈ ವಿದ್ಯೆ ಹೊಸತಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮವನ್ನು ಅಭ್ಯಸಿಸಿದ್ದ ಪ್ರೊ. ನಾಡಿಗ ಕೃಷ್ಣಮೂರ್ತಿಯವರ ಪ್ರಯತ್ನದಿಂದ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆ ಆರಂಭವಾಯಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿಯೂ ಸಂವಹನ ವಿಭಾಗವಿದೆ. ಯಾವುದೇ ವಿಷಯದಲ್ಲಿ ಪದವಿ ಪಡೆದವರೂ ಸಾಮಾನ್ಯವಾಗಿ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಲು ಅವಕಾಶವುಂಟು. ವರದಿಗಾರಿಕೆ, ಮಾಧ್ಯಮ ಕಾನೂನು, ಸಂಶೋಧನಾ ವಿಧಾನ, ಅಂತರರಾಷ್ಟ್ರೀಯ ಸಂವಹನ ಮೊದಲಾದವು ಅಲ್ಲಿನ ಪಾಠ್ಯವಿಷಯಗಳು.

ಇಂಗ್ಲಿಷಿನ ಭಯದಿಂದ ಹಿಂಜರಿಯುವ ಹಳ್ಳಿಯ ವಿದ್ಯಾರ್ಥಿಗಳು ಅನೇಕರು. ಇಂಗ್ಲಿಷನ್ನು ಶ್ರಮದಿಂದ ಕಲಿಯಬಹುದು. ಆದರೆ ಗೂಡಿನ ಮಾರುಕಟ್ಟೆಯ ಮಾತು, ಮಗ್ಗದ ಮನೆಯ ಕಷ್ಟ ಇವುಗಳ ಅರಿವು ಹೊರಗಿನವನಿಗೆ ಅಷ್ಟು ಸುಲಭವಾಗಿ ದೊರೆಯದು. ಇಲ್ಲಿ ಹುಟ್ಟಿ ಬೆಳೆದವನಿಗೆ ಅದು ಸಹಜವಾಗಿಯೇ ಒದಗಿದೆ. ಶಾಲೆಯಲ್ಲಿರುವಾಗಲೇ ದಿನಕ್ಕೊಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯನ್ನು ಓದಿ, ಒಂದೇ ಸುದ್ದಿಯನ್ನು ಎರಡರಲ್ಲಿಯೂ ಹೋಲಿಸಿ ನೋಡುವ ರೂಢಿಯನ್ನು ಬೆಳೆಸಿಕೊಂಡರೆ ಈ ವ್ಯಾಸಂಗಕ್ಕೆ ಅದೇ ಮೊದಲ ಸಿದ್ಧತೆ.