ಲಕ್ವ: ಬಿಪಿ ನೋಡಿಸಿ ಎಷ್ಟು ದಿನ ಆಯ್ತು?

ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೀತೀರಿ, ಒಳ್ಳೇದೇ. ಆದ್ರೆ ಬಿಪಿ ನೋಡಿಸಿ ಎಷ್ಟು ದಿನ ಆಯ್ತು?

ಲಕ್ವ, ಅಂದ್ರೆ ಸ್ಟ್ರೋಕ್, ಹೊಡೆಯೋದು ಕೈಕಾಲಿಗಲ್ಲ, ಮಿದುಳಿಗೆ. ಅಲ್ಲಿನ ರಕ್ತನಾಳ ಕಟ್ಕೊಳ್ಳುತ್ತೆ, ಇಲ್ಲಾ ಒಡೆಯುತ್ತೆ. ಇದರ ಹಿಂದಿರೋ ದೊಡ್ಡ ಕಾರಣ ಬಿಪಿ. 140/90 ದಾಟಿದ್ರೂ ಎಷ್ಟೋ ಜನಕ್ಕೆ ತಲೆನೋವಿಲ್ಲ, ಸುಸ್ತಿಲ್ಲ, ಏನೂ ಗೊತ್ತಾಗಲ್ಲ. "ಚೆನ್ನಾಗೇ ಇದೀನಲ್ಲ" ಅಂತ ಮಾತ್ರೆ ಬಿಟ್ಟುಬಿಡ್ತಾರೆ. ಚೆನ್ನಾಗಿರೋದೇ ಆ ಮಾತ್ರೆಯಿಂದ, ಸ್ವಾಮಿ!

ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸಾರು, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮಜ್ಜಿಗೆಗೆ ಉದುರಿಸೋ ಚಿಟಿಕೆ, ಎಲ್ಲಾ ಸೇರಿ. ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಕುಡಿತ, ಏರುಪೇರಾದ ಎದೆಬಡಿತ ಕೂಡ ಕಾರಣಗಳೇ. ಇನ್ನು ತಂಬಾಕು. ಹುಣಸೂರು, ಪಿರಿಯಾಪಟ್ಟಣದ ಹೊಲದಲ್ಲಿ ಬೆಳೀಲಿ, ಅದು ಬೇರೆ ಮಾತು. ಮೈಸೂರು ವೀಳ್ಯದೆಲೆ ಜೊತೆ ಹೊಗೆಸೊಪ್ಪು ಸೇರಿಸ್ಬೇಡಿ. ಬೀಡಿ, ಸಿಗರೇಟಂತೂ ಬೇಡವೇ ಬೇಡ.

ಬಾಯಿ ಒಂದು ಕಡೆ ಸೊಟ್ಟ ಆಯ್ತಾ? ಎರಡೂ ಕೈ ಎತ್ತಿಸಿದ್ರೆ ಒಂದು ಕೆಳಗೆ ಜಾರ್ತಿದೆಯಾ? ಮಾತು ತೊದಲ್ತಿದೆಯಾ? ಎಣ್ಣೆ ತಿಕ್ತಾ, ನಾಟಿ ಔಷಧಿ ಹುಡುಕ್ತಾ ಕೂರ್ಬೇಡಿ. ನೀರು, ಕಾಫಿ, ಮಾತ್ರೆ ಏನೂ ಬಾಯಿಗೆ ಹಾಕ್ಬೇಡಿ, ಶ್ವಾಸನಾಳಕ್ಕೆ ಇಳಿಯಬಹುದು. ಶುರುವಾದ ಹೊತ್ತು ನೋಡ್ಕೊಂಡು 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಹಾಗಾಗಿ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ಸೀದಾ ಹೋಗಿ. ಐದು ನಿಮಿಷದಲ್ಲಿ ತಾನೇ ಸರಿಹೋದ್ರೂ ಹೋಗಿ.