ಇಟಲಿಯ ‘ಮಧ್ಯಾಹ್ನದ ನಾಡು’

ಭೂಪಟದಲ್ಲಿ ಇಟಲಿಯನ್ನು ಗುರುತಿಸಲು ಮಕ್ಕಳಿಗೆ ಕಷ್ಟವಾಗುವುದಿಲ್ಲ. ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಬಿಟ್ಟ ಬೂಟಿನಂತೆ ಅದು ಎದ್ದು ಕಾಣುತ್ತದೆ. ಒಮ್ಮೆ ತರಗತಿಯಲ್ಲಿ, ಉತ್ತರ ಇಟಲಿ ಸಿರಿವಂತ, ದಕ್ಷಿಣ ಇಟಲಿ ಬಡತನದ್ದು ಎಂದು ನಾನು ಹೇಳುತ್ತಿದ್ದಾಗ ಹುಡುಗನೊಬ್ಬ ಎದ್ದುನಿಂತು, “ಬೂಟು ಒಂದೇ ಅಲ್ಲವೆ ಸಾರ್? ಹಿಮ್ಮಡಿ ಮಾತ್ರ ಏಕೆ ಸವೆಯಿತು?” ಎಂದು ಕೇಳಿದ. ತಮಾಷೆಯ ಮಾತಾದರೂ ಪ್ರಶ್ನೆ ದೊಡ್ಡದು. ಇಟಲಿಯ ವಿದ್ವಾಂಸರು ಒಂದು ಶತಮಾನಕ್ಕೂ ಮೀರಿ ಇದನ್ನೇ ಚರ್ಚಿಸುತ್ತ ಬಂದಿದ್ದಾರೆ. ‘ದಕ್ಷಿಣದ ಪ್ರಶ್ನೆ’ ಎಂದೇ ಅವರು ಅದಕ್ಕೆ ಹೆಸರಿಟ್ಟಿದ್ದಾರೆ.

ರೋಮ್ ನಗರದಿಂದ ಕೆಳಕ್ಕೆ ನೇಪಲ್ಸ್, ಪೂಲಿಯ, ಕಲಾಬ್ರಿಯ ಮೊದಲಾದ ಸೀಮೆಗಳನ್ನೂ ಸಿಸಿಲಿ, ಸಾರ್ಡೀನಿಯ ದ್ವೀಪಗಳನ್ನೂ ಸೇರಿಸಿ ಅಲ್ಲಿಯವರು ‘ಮೆತ್ಸೊಜೋರ್ನೊ’ ಎನ್ನುತ್ತಾರೆ. ಆ ಶಬ್ದಕ್ಕೆ ಮಧ್ಯಾಹ್ನ ಎಂದು ಅರ್ಥ. ಯುರೋಪಿನವರಿಗೆ ನಡುಹಗಲಲ್ಲಿ ಸೂರ್ಯ ತೆಂಕಣ ದಿಕ್ಕಿನಲ್ಲಿ ಕಾಣುವುದರಿಂದ ಈ ಹೆಸರು. ದೇಶದ ಸುಮಾರು 5 ಕೋಟಿ 90 ಲಕ್ಷ ಜನರಲ್ಲಿ ಮೂರರಲ್ಲೊಂದು ಪಾಲು ಇಲ್ಲಿದ್ದಾರೆ. ಆದರೆ ಮಿಕ್ಕ ಇಟಲಿಯ ತಲಾ ಉತ್ಪನ್ನ 100 ಎಂದಿಟ್ಟುಕೊಂಡರೆ ಇಲ್ಲಿಯದು 60ರ ಆಸುಪಾಸಿನಲ್ಲಿದೆ.

ಈ ಅಂತರಕ್ಕೆ ಪ್ರಕೃತಿಯೂ ಒಂದು ಕಾರಣ. ಉತ್ತರದಲ್ಲಿ ಆಲ್ಪ್ಸ್ ಪರ್ವತದ ಹಿಮ ಕರಗಿ ಪೋ ನದಿಯ ವಿಶಾಲವಾದ ಬಯಲನ್ನು ತಣಿಸುತ್ತದೆ. ಇಟಲಿಯಲ್ಲಿ ಕಲ್ಲಿದ್ದಲು ಬಹಳ ಕಡಮೆ. ಆ ಕೊರತೆಯನ್ನು ಬೆಟ್ಟದ ನೀರಿನಿಂದ ತೆಗೆದ ವಿದ್ಯುತ್ತು ತುಂಬಿಕೊಟ್ಟಿತು. ಅದನ್ನು ‘ಬಿಳಿಯ ಕಲ್ಲಿದ್ದಲು’ ಎಂದೇ ಕರೆದರು. ಮಿಲಾನ್, ಟ್ಯೂರಿನ್, ಜೆನೋವ ನಗರಗಳ ನಡುವಣ ಕೈಗಾರಿಕೆಯ ತ್ರಿಕೋನಕ್ಕೆ ಇದು ಬಲ ಕೊಟ್ಟಿತು. ದಕ್ಷಿಣದಲ್ಲಾದರೋ ಬೇಸಗೆಯೆಲ್ಲ ಒಣಹವೆ, ಕಲ್ಲುಗುಡ್ಡಗಳು. ತಗ್ಗಿನ ಬಯಲುಗಳಲ್ಲಿ ಮಲೇರಿಯದ ಕಾಟ. ಅದಕ್ಕಂಜಿದ ಜನ ಗುಡ್ಡದ ನೆತ್ತಿಯ ಮೇಲೆ ಊರು ಕಟ್ಟಿಕೊಂಡು, ದೂರದ ಹೊಲಕ್ಕೆ ದಿನವೂ ನಡೆದುಹೋಗಿ ಬರುತ್ತಿದ್ದರು.

ಆದರೆ ತಪ್ಪನ್ನೆಲ್ಲ ಪ್ರಕೃತಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಇಟಲಿಯ ಮೊತ್ತಮೊದಲ ರೈಲು ಓಡಿದ್ದು 1839ರಲ್ಲಿ, ದಕ್ಷಿಣದ ನೇಪಲ್ಸಿನಿಂದ. 1861ರಲ್ಲಿ ಹರಿದು ಹಂಚಿಹೋಗಿದ್ದ ರಾಜ್ಯಗಳು ಒಂದಾದಾಗ ದೇಶದ ಅತಿ ದೊಡ್ಡ ನಗರವೂ ನೇಪಲ್ಸೇ. ಆದರೆ ಹಳ್ಳಿಗಾಡಿನ ಭೂಮಿಯಲ್ಲಿ ಬಹುಭಾಗ ಪಟ್ಟಣದಲ್ಲಿ ಕುಳಿತ ದೊಡ್ಡ ಜಮೀನುದಾರರದು. ಉಳುವವನಿಗೆ ಕೂಲಿಯಷ್ಟೇ ಗತಿ. ಅದೇ ವರ್ಷದ ಜನಗಣತಿಯಂತೆ ಸಿಸಿಲಿಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅಕ್ಷರ ಬಾರದು. ಟ್ಯೂರಿನ್ನಿನ ಸೀಮೆಯಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನ ಓದಬಲ್ಲವರಾಗಿದ್ದರು. ಮುಂದೆ 1887ರಲ್ಲಿ ವಿದೇಶಿ ಸರಕಿನ ಮೇಲೆ ಸುಂಕ ಏರಿಸಿದರು. ಉತ್ತರದ ಗಿರಣಿಗಳಿಗೆ ಅದು ಆಸರೆಯಾಯಿತು. ಫ್ರಾನ್ಸ್ ದೇಶವೂ ಪ್ರತಿಯಾಗಿ ಸುಂಕ ಹಾಕಿದುದರಿಂದ, ದ್ರಾಕ್ಷಾರಸವನ್ನು ಅಲ್ಲಿಗೆ ಮಾರುತ್ತಿದ್ದ ದಕ್ಷಿಣದ ರೈತನಿಗೆ ಪೆಟ್ಟು ಬಿದ್ದಿತು.

ಹೊಟ್ಟೆಗಿಲ್ಲದವನು ಊರು ಬಿಡದೆ ಏನು ಮಾಡಿಯಾನು? 1876ರಿಂದ 1915ರವರೆಗೆ ಇಟಲಿಯಿಂದ ಹೊರದೇಶಗಳಿಗೆ ಹೋದವರು ಸುಮಾರು 1 ಕೋಟಿ 40 ಲಕ್ಷ. ಮೊದಮೊದಲು ಉತ್ತರದವರೂ ಬಹಳ ಮಂದಿ ಹೋದರು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಹಡಗು ಹತ್ತಿದವರಲ್ಲಿ ದಕ್ಷಿಣದವರೇ ಬಹುಪಾಲು.

ಎರಡನೆಯ ಮಹಾಯುದ್ಧ ಮುಗಿದ ಬಳಿಕ ಸರ್ಕಾರ ಕಣ್ತೆರೆಯಿತು. 1950ರಲ್ಲಿ ದೊಡ್ಡ ಹಿಡುವಳಿಗಳನ್ನು ಒಡೆದು ರೈತರಿಗೆ ಹಂಚುವ ಕಾನೂನುಗಳು ಬಂದವು. ಅದೇ ವರ್ಷ ದಕ್ಷಿಣಕ್ಕೆಂದೇ ಒಂದು ಅಭಿವೃದ್ಧಿ ನಿಧಿಯನ್ನು ಸ್ಥಾಪಿಸಿದರು. 1984ರವರೆಗೆ ನಡೆದ ಈ ನಿಧಿಯಿಂದ ರಸ್ತೆ, ಕುಡಿಯುವ ನೀರು, ನೀರಾವರಿ ಬಂದುವು. ಮಲೇರಿಯವೂ ತೊಲಗಿತು. ಅಂತರ ಕೆಲಕಾಲ ಕುಗ್ಗಿದ್ದೂ ನಿಜ. ಆಮೇಲೆ ಭಾರಿ ಕಾರ್ಖಾನೆಗಳ ಸರದಿ. ತಾರಾಂತೊ ಬಂದರಿನಲ್ಲಿ 1960ರ ದಶಕದಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಎದ್ದಿತು. ಸಾವಿರಾರು ಜನರಿಗೆ ಸಂಬಳ ಸಿಕ್ಕಿತೇನೋ ಸರಿ. ಆದರೆ ಇಂಥ ಕಾರ್ಖಾನೆಗಳ ಸುತ್ತ ಸಣ್ಣ ಉದ್ಯಮಗಳು ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ. ಜನ ಅವನ್ನು ‘ಮರುಭೂಮಿಯ ಮಹಾದೇಗುಲಗಳು’ ಎಂದು ಹಾಸ್ಯಮಾಡಿದರು. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ಉಕ್ಕಿಗೆ ಗಿರಾಕಿ ತಗ್ಗಿದಾಗ ದಕ್ಷಿಣದ ಮುನ್ನಡೆ ನಿಂತುಹೋಯಿತು.

ಇತ್ತ ಜನರು ಕಾಯುತ್ತ ಕೂರಲಿಲ್ಲ. ರಟ್ಟಿನ ಪೆಟ್ಟಿಗೆಗೆ ಹುರಿ ಬಿಗಿದುಕೊಂಡು ರಾತ್ರಿಯ ರೈಲು ಹತ್ತಿ ಉತ್ತರಕ್ಕೆ ನಡೆದರು. ಮೋಟಾರು ಕಾರ್ಖಾನೆಗಳ ಟ್ಯೂರಿನ್ ನಗರದಲ್ಲಿ 1951ರಲ್ಲಿ 7 ಲಕ್ಷ ಚಿಲ್ಲರೆ ಜನರಿದ್ದರು. 1971ರ ವೇಳೆಗೆ 11 ಲಕ್ಷ 60 ಸಾವಿರ ದಾಟಿತು. ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ ಎಂಬ ಫಲಕಗಳು ಅಲ್ಲಿ ಅವರನ್ನು ಸ್ವಾಗತಿಸಿದುವು. ಪರದೇಶದಲ್ಲಲ್ಲ, ತಮ್ಮದೇ ದೇಶದಲ್ಲಿ!

ಆಗ ದಕ್ಷಿಣಕ್ಕೆ ಒಂದು ಸಂಪತ್ತಾದರೂ ಇತ್ತು: ಮನೆತುಂಬ ಮಕ್ಕಳು. ಇಬ್ಬರು ಹೋದರೆ ಮೂವರು ಉಳಿಯುತ್ತಿದ್ದರು. ಇಂದು ಆ ಲೆಕ್ಕ ತಲೆಕೆಳಗಾಗಿದೆ. 1964ರಲ್ಲಿ ಇಟಲಿಯಲ್ಲಿ 10 ಲಕ್ಷಕ್ಕೂ ಹೆಚ್ಚು ಶಿಶುಗಳು ಜನಿಸಿದುವು. 2023ರಲ್ಲಿ 3 ಲಕ್ಷ 80 ಸಾವಿರವೂ ಇಲ್ಲ. ಸಾರ್ಡೀನಿಯದಲ್ಲಿ ಹೆಂಗಸೊಬ್ಬಳಿಗೆ ಸರಾಸರಿ ಒಂದು ಮಗುವೂ ಇಲ್ಲ. ದೇಶದಲ್ಲಿ ಜನನ ಪ್ರಮಾಣ ಅತಿ ಹೆಚ್ಚಿರುವುದು ಆಲ್ಪ್ಸಿನ ಮಡಿಲಲ್ಲಿರುವ ಬೊಲ್ಜಾನೊ ಸೀಮೆಯಲ್ಲಿ; ಉದ್ಯೋಗವೂ ಸಂಸಾರಸ್ಥರಿಗೆ ಅನುಕೂಲಗಳೂ ಚೆನ್ನಾಗಿರುವ ಕಡೆ. ವಲಸೆ ಮಾತ್ರ ನಿಂತಿಲ್ಲ. ಅಂದು ಹೋದವನು ಭೂಮಿಯಿಲ್ಲದ ಕೂಲಿ. ಇಂದು ಹೋಗುವವರಲ್ಲಿ ಪದವಿ ಪಡೆದ ತರುಣ ತರುಣಿಯರೇ ಅನೇಕರು. ಸಾಕಿ ಓದಿಸಿದ ಖರ್ಚು ದಕ್ಷಿಣದ ತಾಯಿತಂದೆಯರದು, ದುಡಿಮೆಯ ಫಲ ಉತ್ತರದ್ದು.

ನಿರಾಶೆಯೇ ಕೊನೆಯ ಮಾತಲ್ಲ. ಮಾತೇರ ಎಂಬ ಊರಿನಲ್ಲಿ ಸಾವಿರಾರು ಜನ ಬಂಡೆಯ ಗವಿಗಳಲ್ಲಿ, ಹೇಸರಗತ್ತೆಗಳೊಂದಿಗೆ ಒಂದೇ ಸೂರಿನಡಿ ಬಾಳುತ್ತಿದ್ದರು. 1952ರಲ್ಲಿ ವಿಶೇಷ ಕಾನೂನು ಮಾಡಿ ಅವರಿಗೆ ಹೊಸ ಮನೆಗಳನ್ನು ಕಟ್ಟಿಸಿಕೊಡಲಾಯಿತು. ದೇಶದ ಅಪಮಾನವೆನಿಸಿದ್ದ ಆ ಗವಿಗಳನ್ನೇ 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಗೆ ಸೇರಿಸಿತು. 2019ರಲ್ಲಿ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿಯೆನಿಸಿತು. ಇಂದು ಪ್ರವಾಸಿಗರು ಹಣ ತೆತ್ತು ಅಲ್ಲಿ ತಂಗುತ್ತಾರೆ.

ಹಿಮ್ಮಡಿ ಏಕೆ ಸವೆಯಿತೆಂದು ಕೇಳಿದ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ಕೆಳಗಿನಿಂದ ಜನ ಮೇಲಕ್ಕೆ ಹೋಗುತ್ತಲೇ ಇದ್ದರು, ಮೇಲಿನಿಂದ ಹಣ ಕೆಳಕ್ಕೆ ಇಳಿಯಿತು. ಹಣ ರಸ್ತೆಯನ್ನು ಮಾಡೀತು, ಕಾರ್ಖಾನೆಯನ್ನೂ ಕಟ್ಟೀತು. ಆದರೆ ಓದಿದ ಮಗ ಅದೇ ರಸ್ತೆ ಹಿಡಿದು ಊರು ಬಿಟ್ಟು ಹೋಗದೆ, ಅದರಲ್ಲೇ ಮನೆಗೆ ಹಿಂದಿರುಗುವಂತಾದರೆ ಮಾತ್ರ ಅದು ಊರಿನ ರಸ್ತೆ.