ಮಗುವಿನ ಪಾಠಕ್ಕೆ ಮನೆಯ ಮೊಬೈಲು



ಬೆಳಗಾಗುತ್ತಲೇ ಹೊಲಕ್ಕೆ ಹೊರಡುವಾಗ ಬುತ್ತಿಯ ಜೊತೆಗೆ ಮೊಬೈಲನ್ನೂ ಒಯ್ಯುತ್ತೀರಿ. ಮಳೆಯ ಮುನ್ಸೂಚನೆ, ಹೆಸರು-ಕಡಲೆಯ ಧಾರಣೆ ಎಲ್ಲವೂ ಅದರಲ್ಲಿಯೇ ತಿಳಿಯುವುದರಿಂದ ಅದು ನಿಮಗೆ ಬೇಕು, ಸರಿ. ಆದರೆ ಬಹಳ ಮನೆಗಳಲ್ಲಿ ಅಂಥ ಮೊಬೈಲು ಒಂದೇ. ಅದು ಮಗುವಿನ ಪಾಠಕ್ಕೂ ಬೇಕಾಗಿದೆ.

ಯಂತ್ರದಿಂದ ಪಾಠ ಹೇಳಿಸುವುದು ಈ ಸೀಮೆಗೆ ತೀರ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷದ ವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಜನ್ ತೋರಿಸುವ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು ಆರಿಸಿದ್ದರು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕುಗಳಿಗೆ ಆ ಭಾಗ್ಯ ಬರಲಿಲ್ಲ. ಮುಂಡರಗಿಯ ಮಗ್ಗುಲಿನ ಕೊಪ್ಪಳ ಮಾತ್ರ ಅಂದು ರಾಯಚೂರು ಜಿಲ್ಲೆಗೆ ಸೇರಿತ್ತು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ 10 ಅಡಿಯ ತಟ್ಟೆ ಆಕಾಶದಿಂದ ಚಿತ್ರ ಹಿಡಿಯುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ ಮತ್ತು ಆರೋಗ್ಯದ ವಿಷಯ. ಉಪಗ್ರಹ ಅಮೆರಿಕದವರದು. ವರ್ಷ ತುಂಬಿದೊಡನೆ ಅವರು ಅದನ್ನು ತಿರುಗಿಸಿಕೊಂಡರು. ಎರವಿನ ಎತ್ತಿನ ಬೇಸಾಯವೆಂದರೆ ಹೀಗೆಯೇ!

ಈಗಿನ ಯಂತ್ರ ಎರವಿನದಲ್ಲ, ನಿಮ್ಮದೇ. ಆದರೂ ತೊಡಕು ತಪ್ಪಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಜುಲೈ 20ರಿಂದ ಹೈಸ್ಕೂಲು ಮಕ್ಕಳಿಗೆ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟಿನಲ್ಲಿ 'ವಿದ್ಯಾಗಮ' ಆರಂಭವಾಗಿ ಶಿಕ್ಷಕರೇ ಹಳ್ಳಿಗೆ ಬಂದು ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಕುಳಿತು ಕಲಿಸಿದರು. ಮೊಬೈಲೇ ಇಲ್ಲದವರು, ಸಾದಾ ಮೊಬೈಲು ಇರುವವರು, ಇಂಟರ್ನೆಟ್ ಮೊಬೈಲು ಇರುವವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಆಗ ನಮ್ಮ ಓಣಿಯಲ್ಲಿ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ಅವಳ ಮನೆಯ ಮೊಬೈಲು ಹೊಲದಿಂದ ಬರುವುದೇ ರಾತ್ರಿ. ಬಂದರೂ ಮೊದಲು ಅಣ್ಣನ ಕೈಗೆ. ಅವಳ ಪಾಳಿ ಬರುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತಿತ್ತು. ಇಂದಿಗೂ ಕೆಲವು ಮನೆಗಳಲ್ಲಿ ಇದನ್ನೇ ಕಾಣುತ್ತೇನೆ.

"ಮೊಬೈಲ್ ಕೊಟ್ರ ಹುಡುಗರು ಕೆಡತಾವು" ಎಂದು ಹಿರಿಯರು ಹೇಳುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ಕೂರಿಗೆ ಎಷ್ಟೇ ಚೆನ್ನಾಗಿದ್ದರೂ ಹಿಂದೆ ನಡೆಯುವ ಮನುಷ್ಯ ಬೇಕಲ್ಲವೇ? ಹಾಗೆಯೇ ಇದಕ್ಕೂ ದೊಡ್ಡವರು ಪಕ್ಕದಲ್ಲಿರಬೇಕು.

ಇನ್ನು ಬಳಸುವ ರೀತಿ. ಮಗುವಿನ ಪಠ್ಯಪುಸ್ತಕದ ಪಾಠಗಳಲ್ಲಿ ಕಪ್ಪು-ಬಿಳಿ ಚುಕ್ಕಿಗಳ ಚೌಕವೊಂದನ್ನು ಮುದ್ರಿಸಿರುತ್ತಾರೆ. ಅಂಗಡಿಯಲ್ಲಿ ಹಣ ಕೊಡುವಾಗ ನೋಡಿರುತ್ತೀರಿ, ಅಂಥದೇ. ಸರಕಾರದ 'ದೀಕ್ಷಾ' ಎಂಬ ಆ್ಯಪನ್ನು ಮೊಬೈಲಿನಲ್ಲಿ ಹಾಕಿಕೊಂಡು, ಕನ್ನಡ ಮಾಧ್ಯಮ ಮತ್ತು ತರಗತಿಯನ್ನು ಆರಿಸಿ, ಆ ಚೌಕವನ್ನು ಅದಕ್ಕೆ ತೋರಿಸಿದರೆ ಪಾಠಕ್ಕೆ ಸಂಬಂಧಿಸಿದ ಚಿತ್ರ, ವಿವರಣೆ, ಪ್ರಶ್ನೆಗಳು ತೆರೆಯುತ್ತವೆ. ಆ್ಯಪಿಗೆ ಹಣವಿಲ್ಲ, ಇಂಟರ್ನೆಟ್ಟಿನ ಖರ್ಚು ಮಾತ್ರ. ಡೌನ್‌ಲೋಡ್ ಮಾಡಿ ಇಟ್ಟುಕೊಂಡರೆ ಮುಂದೆ ನೆಟ್‌ವರ್ಕ್ ಇಲ್ಲದೆಯೂ ಬೇಕಾದಷ್ಟು ಸಲ ನೋಡಬಹುದು.

ಯಾವ ಪಾಠ ನೋಡಬೇಕೆಂಬುದನ್ನು ಶಿಕ್ಷಕರನ್ನು ಕೇಳಿರಿ. ರಾತ್ರಿ ಊಟಕ್ಕೆ ಮೊದಲು ಅರ್ಧ ತಾಸು ಮೊಬೈಲನ್ನು ಪಾಠಕ್ಕೆಂದೇ ಬಿಡಿರಿ. ಒಂದು ದಿನ ಮಗನಿಗೆ, ಒಂದು ದಿನ ಮಗಳಿಗೆ. ಮುಗಿದ ಮೇಲೆ "ಏನು ನೋಡಿದಿ, ನನಗ ಹೇಳು" ಎನ್ನಿರಿ. ನಿಮಗೆ ಓದು ಬರದಿದ್ದರೂ ಇಷ್ಟು ಕೇಳಬಹುದು. ಹೇಳಲು ತಡವರಿಸಿದರೆ ಅದು ತಿಳಿದಿಲ್ಲವೆಂದೇ ಅರ್ಥ. ಮರುದಿನ ಶಿಕ್ಷಕರ ಮುಂದೆ ಕೇಳಲು ಹೇಳಿರಿ.

ಊರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದವರು ಲಕ್ಷ್ಮೇಶ್ವರಕ್ಕೋ ಶಿರಹಟ್ಟಿಗೋ ಸಂತೆಗೆ ಹೋಗುವಾಗ ಮಗುವಿನ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿರಿ. ವಾರಕ್ಕೆ ಸಾಕಾಗುವಷ್ಟು ಪಾಠಗಳನ್ನು ಅಲ್ಲಿಯೇ ಇಳಿಸಿಕೊಂಡು ಬರಬಹುದು.